ಒಂದು ಪೌಂಡ್ ಧಾನ್ಯ

ನಮ್ಮ ಹಮ್ಮಿಗಿಯ ತುಂಗಭದ್ರೆ 1876ರಲ್ಲಿ ಎರಡು ಪ್ರಾಂತ್ಯಗಳ ಗಡಿ. ಈಚೆಯ ಧಾರವಾಡ ಜಿಲ್ಲೆ ಮುಂಬಯಿಗೆ, ಆಚೆಯ ಬಳ್ಳಾರಿ ಮದ್ರಾಸಿಗೆ. ಧಾತು ಸಂವತ್ಸರದ ಬರ ಮಾತ್ರ ಎರಡೂ ದಡಕ್ಕೆ ಒಂದೇ.

ಮರುವರ್ಷ ಸರ್ ರಿಚರ್ಡ್ ಟೆಂಪಲ್ ಖರ್ಚು ಇಳಿಸಲು, ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ, ಮೇಲೊಂದು ಆಣೆ ಸಾಕೆಂದ. (ಅದೇ ವರ್ಷ ಆತ ನಮ್ಮ ದಡದ ಗವರ್ನರನೂ ಆದ.) ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಒಪ್ಪಲಿಲ್ಲ. ಮಣ್ಣು ಹೊರುವವರಿಗೆ ಅಷ್ಟು ಸಾಲದು, ಬೇಳೆಯೂ ಬೇಕು ಎಂದು ವಾದಿಸಿದ.

ನನ್ನನ್ನು ಕಾಡುವುದು ಅವನು ಕಂಡ ಇನ್ನೊಂದು ಸಂಗತಿ. ಬಹಳ ದಿನ ಉಪವಾಸ ಬಿದ್ದವರ ಕರುಳಿನ ಒಳಪೊರೆಯೇ ಹಾಳಾಗಿತ್ತು. ತಡವಾಗಿ ಕೊಟ್ಟ ಅನ್ನ ಅವರಿಗೆ ದಕ್ಕಲಿಲ್ಲ.

ಇಂದು ತೀವ್ರ ಅಪೌಷ್ಟಿಕತೆಯ ಮಗುವನ್ನು ಕರೆತಂದರೆ, ಅದು ತಿನ್ನಲು ಬಾಯಿ ತೆರೆಯುತ್ತದೆಯೇ ಎಂದೂ ಪರೀಕ್ಷಿಸುತ್ತಾರೆ. ಹಸಿವೆಯೇ ಸತ್ತಿದ್ದರೆ ಆಸ್ಪತ್ರೆಗೆ ಸೇರಿಸಿ, ಎರಡು ಗಂಟೆಗೊಮ್ಮೆ ತುಸುತುಸುವೇ ಹಾಲಿನ ತೆಳು ಆಹಾರ ಕುಡಿಸುತ್ತಾರೆ.