ಕಿಣ್ವ ಮತ್ತು ನಗ್ನಹು : ಮೊಳೆಯದ ಧಾನ್ಯದ ಸುರೆಯ ವಿಚಾರ

ಅಮರಸಿಂಹನು ತನ್ನ ಕೋಶದ ಶೂದ್ರವರ್ಗದಲ್ಲಿ ಕಿಣ್ವ, ನಗ್ನಹು ಎಂಬೆರಡು ಶಬ್ದಗಳನ್ನು ಪರ್ಯಾಯಪದಗಳಾಗಿ ಓದಿದ್ದಾನೆ. ಅಮರವನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡುವವರಿಗೆ ಎರಡೂ ಒಂದೇ ವಸ್ತುವೆಂಬ ಭಾವನೆ ನೆಲೆಯೂರುವುದು ಸಹಜವೇ ಆಗಿದೆ. ಎರಡೂ ಸುರೆಗೆ ಹಾಕತಕ್ಕ ಹುದುಗೆಂಬುದರಲ್ಲಿ ವಿವಾದವಿಲ್ಲ. ಆದರೆ ಶ್ರೌತಗ್ರಂಥಗಳ ನಗ್ನಹುವನ್ನೂ ಕೌಟಲೀಯದ ಕಿಣ್ವವನ್ನೂ ಎದುರೆದುರಾಗಿಟ್ಟು ಪರಿಶೀಲಿಸಿದರೆ, ಅವು ಎರಡು ಬೇರೆ ಬೇರೆ ವಿಧಾನಗಳಿಗೆ ಸೇರಿದುವೆಂದು ತೋರುತ್ತದೆ. ಕೋಶಕಾರನು ಕಾರ್ಯಸಾಮ್ಯವನ್ನು ನೋಡಿದನೇ ಹೊರತು ದ್ರವ್ಯಭೇದವನ್ನು ಗಣಿಸಲಿಲ್ಲ.

ಈ ಭೇದವು ತಿಳಿಯಬೇಕಾದರೆ ಮೊದಲು ಧಾನ್ಯದ ಸ್ವಭಾವವನ್ನು ನೋಡಬೇಕು. ದ್ರಾಕ್ಷಿ, ಜೇನು, ಬೆಲ್ಲ ಇವುಗಳಲ್ಲಿ ಸಕ್ಕರೆಯು ಸಿದ್ಧವಾಗಿಯೇ ಇರುತ್ತದೆ. ಅದು ತಾನಾಗಿ ಹುದುಗಿ ಮದ್ಯವಾಗಬಲ್ಲುದು. ಧಾನ್ಯದಲ್ಲಾದರೋ ಇರುವುದು ಪಿಷ್ಟ. ಪಿಷ್ಟವು ಮೊದಲು ಸಕ್ಕರೆಯಾಗಬೇಕು, ಅನಂತರ ಸಕ್ಕರೆಯು ಮದ್ಯವಾಗಬೇಕು. ಧಾನ್ಯವು ಮೊಳೆಯುವಾಗ ಪಿಷ್ಟವನ್ನು ಸಕ್ಕರೆಯಾಗಿಸುವ ದ್ರವ್ಯವು ಅದರಲ್ಲಿಯೇ ಹುಟ್ಟುತ್ತದೆ. ಯೂರೋಪಿನ ಬಿಯರು ಮೊಳೆಸಿದ ಯವವನ್ನು ಆಶ್ರಯಿಸಿರುವುದು ಇದಕ್ಕಾಗಿಯೇ. ಮೊಳೆಸದ ಅಕ್ಕಿಯಿಂದ ಸುರೆಯಾಗಬೇಕಾದರೆ ಈ ಮೊದಲ ಕಾರ್ಯವನ್ನು ಬೇರೊಂದು ವಸ್ತುವು ಮಾಡಬೇಕು.

ಸೌತ್ರಾಮಣೀಯಾಗದಲ್ಲಿ ಅಶ್ವಿನೀದೇವತೆಗಳಿಗೂ ಸರಸ್ವತಿಗೂ ಇಂದ್ರನಿಗೂ ಅರ್ಪಿಸುವ ಸುರೆಯ ದ್ರವ್ಯಗಳು ಶಷ್ಪ, ತೋಕ್ಮ, ಲಾಜ, ನಗ್ನಹು ಎಂದು ನಾಲ್ಕು. ವಾಜಸನೇಯಿಸಂಹಿತೆಯ ಹತ್ತೊಂಬತ್ತನೆಯ ಅಧ್ಯಾಯದ ಆರಂಭದಲ್ಲಿ ಮಹೀಧರನು ಇವುಗಳನ್ನು ವಿವರಿಸಿದ್ದಾನೆ. ಶಷ್ಪವೆಂದರೆ ಮೊಳೆತ ಭತ್ತ, ತೋಕ್ಮವೆಂದರೆ ಮೊಳೆತ ಯವ, ಲಾಜವೆಂದರೆ ಅರಳು. ನಗ್ನಹುವಾದರೋ ಸರ್ಜವೃಕ್ಷದ ತೊಗಟೆ, ತ್ರಿಫಲ, ಶುಂಠಿ, ಪುನರ್ನವ, ಹಿಪ್ಪಲಿ ಮೊದಲಾದ ಮೂಲಿಕೆಗಳ ದೊಡ್ಡ ಕೂಟ. ಆ ಪಟ್ಟಿಯ ಕೊನೆಯಲ್ಲಿ ಮೊಳೆತ ಯವವೂ ಮೊಳೆತ ಭತ್ತವೂ ಮತ್ತೆ ಬರುತ್ತವೆ. ಬೇಯಿಸಿದ ಚರುವಿನ ಗಂಜಿಯೊಡನೆ ಇವುಗಳ ಚೂರ್ಣವು ಬೆರೆತು ಮೂರು ರಾತ್ರಿ ನಿಲ್ಲಬೇಕು. ಶಷ್ಪವನ್ನು ಸೀಸವನ್ನು ಕೊಟ್ಟು ಕೊಳ್ಳಬೇಕೆಂಬ ವಿಧಿಯೂ ಉಂಟು. ಮೊಳೆಸಿದ ಧಾನ್ಯವು ಕೊಳ್ಳತಕ್ಕ ಪದಾರ್ಥವಾಗಿದ್ದಿತೆಂಬುದು ಇಲ್ಲಿ ಗಮನಾರ್ಹ.

ಇನ್ನು ಕೌಟಲೀಯ. ಮೈಸೂರಿನ ಪ್ರಾಚ್ಯಪುಸ್ತಕಭಂಡಾರದ ತಾಳೆಯೋಲೆಗಳಿಂದ ರು. ಶಾಮಶಾಸ್ತ್ರಿಗಳು ಈ ಗ್ರಂಥವನ್ನು ಉದ್ಧರಿಸಿ 1909ರಲ್ಲಿ ಪ್ರಕಟಿಸಿದುದು ಸರ್ವವಿದಿತ. ಅದರ ಎರಡನೆಯ ಅಧಿಕರಣದ ಸುರಾಧ್ಯಕ್ಷಪ್ರಕರಣದಲ್ಲಿ ಮೇದಕವೆಂಬ ಸುರೆಯ ಯೋಗವು ಹೀಗಿದೆ : ನೀರು ಒಂದು ದ್ರೋಣ, ಅಕ್ಕಿ ಅರ್ಧ ಆಢಕ, ಕಿಣ್ವ ಮೂರು ಪ್ರಸ್ಥ. ದ್ರೋಣಕ್ಕೆ ನಾಲ್ಕು ಆಢಕ, ಆಢಕಕ್ಕೆ ನಾಲ್ಕು ಪ್ರಸ್ಥ. ಆದಕಾರಣ 16 ಪ್ರಸ್ಥ ನೀರಿಗೆ 2 ಪ್ರಸ್ಥ ಅಕ್ಕಿ, 3 ಪ್ರಸ್ಥ ಕಿಣ್ವ. ಹುದುಗು ಧಾನ್ಯಕ್ಕಿಂತ ಹೆಚ್ಚಾಗಿರುವ ಈ ಪ್ರಮಾಣವು ಆಶ್ಚರ್ಯಕರವಾಗಿದೆ. ಹಾಲಿಗೆ ಹೆಪ್ಪು ಹಾಕುವವರು ಹಾಲಿಗಿಂತ ಹೆಚ್ಚು ಮೊಸರನ್ನು ಹಾಕುವುದುಂಟೆ?

ಇದರ ಸಮಾಧಾನವು ಕಿಣ್ವದ ಲಕ್ಷಣದಲ್ಲಿಯೇ ದೊರೆಯುತ್ತದೆ. ಹಸಿಯ ಅಥವಾ ಬೇಯಿಸಿದ ಉದ್ದಿನ ಹಿಟ್ಟು ಒಂದು ದ್ರೋಣ, ಅದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚಾಗಿ ಅಕ್ಕಿ, ಮೋರಟೆ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಶಾಮಶಾಸ್ತ್ರಿಗಳು 1915ರ ಇಂಗ್ಲಿಷ್ ಭಾಷಾಂತರದಲ್ಲಿ ಅಕ್ಕಿಯನ್ನು ಮೂರು ಪಾಲೆಂದು ಅರ್ಥಮಾಡಿದ್ದಾರೆ. ಯಾವ ಅರ್ಥವನ್ನು ಹಿಡಿದರೂ ಉದ್ದಿಗಿಂತ ಅಕ್ಕಿಯೇ ಅಧಿಕ. ಹೀಗಿರಲು ಕಿಣ್ವವೆಂಬುದು ಕೇವಲ ಹುದುಗಲ್ಲ. ಅದೇ ಸುರೆಯ ಅರ್ಧ ಶರೀರ. ಮೊಳೆತ ಧಾನ್ಯದ ಹೆಸರು ಇಲ್ಲೆಲ್ಲಿಯೂ ಇಲ್ಲ. ಪಿಷ್ಟವನ್ನು ಸಕ್ಕರೆಯಾಗಿಸುವ ಕೆಲಸವನ್ನೂ ಸಕ್ಕರೆಯನ್ನು ಮದ್ಯವಾಗಿಸುವ ಕೆಲಸವನ್ನೂ ಈ ಒಂದೇ ಮುದ್ದೆಯು ವಹಿಸಿಕೊಂಡಿದ್ದಿರಬೇಕು. ಇಂದಿನ ಕನ್ನಡ ವಿಜ್ಞಾನಗ್ರಂಥಗಳು ಕಿಣ್ವಶಬ್ದವನ್ನು ಜೀವಕೋಶಗಳ ಪರಿವರ್ತಕದ್ರವ್ಯಕ್ಕೆ ಸಂಕೇತಿಸಿರುವುದು, ತಿಳಿದೋ ತಿಳಿಯದೆಯೋ, ಉಚಿತವೇ ಆಗಿದೆ.

ಆದರೆ ಒಂದು ಆಕ್ಷೇಪವು ನಿಲ್ಲುತ್ತದೆ. ಮುದ್ದೆಯನ್ನು ಎಷ್ಟು ದಿನವಿಟ್ಟು ಬಲಿಯಿಸಬೇಕೆಂಬುದನ್ನಾಗಲಿ, ಅದರ ಮೇಲೆ ಬೂಷ್ಟು ಬೆಳೆಯಬೇಕೆಂಬುದನ್ನಾಗಲಿ ಕೌಟಲ್ಯನು ಹೇಳಿಲ್ಲ. ಅಲ್ಲಿ ಅನುಮಾನವೇ ಪ್ರಮಾಣ. ಆ ಅನುಮಾನಕ್ಕೆ ದೃಷ್ಟಾಂತವು ಮಾತ್ರ ಪ್ರತ್ಯಕ್ಷವಾಗಿದೆ. ಝಾರ್ಖಂಡದ ಹಂಡಿಯಾ ಎಂಬ ಅಕ್ಕಿಯ ಪಾನಕ್ಕೆ ಮೊಳಕೆ ಬೇಕಿಲ್ಲ : ಬೇಯಿಸಿ ಆರಿಸಿದ ಅನ್ನಕ್ಕೆ ರಾಣು ಎಂಬ ಬಿಲ್ಲೆಯ ಪುಡಿಯನ್ನು ಬೆರಸಿ ಮಡಕೆಯಲ್ಲಿ ಮುಚ್ಚಿಡುತ್ತಾರೆ. ಆ ಬಿಲ್ಲೆಯೂ ಅಕ್ಕಿಹಿಟ್ಟು ಮತ್ತು ಕಾಡುಮೂಲಿಕೆಗಳದೇ. ಪೂರ್ವಹಿಮಾಲಯದ ಮರ್ಚಾ ಇದರ ಸೋದರ. ಇಂತಹ ಬಿಲ್ಲೆಗಳಲ್ಲಿ ಬೂಷ್ಟೂ ಯೀಸ್ಟೂ ಕೂಡಿಯೇ ವಾಸಿಸುತ್ತವೆಂದು ಸೂಕ್ಷ್ಮಜೀವಿಶಾಸ್ತ್ರಜ್ಞರು ಕಂಡಿದ್ದಾರೆ. ಚೀನೀ ಹುದುಗಿನಲ್ಲಿ ಇಂತಹ ಬೂಷ್ಟನ್ನು ಕಾಲ್ಮೆಟ್ ಎಂಬ ಫ್ರೆಂಚ್ ವೈದ್ಯನು 1892ರಲ್ಲಿಯೇ ವರ್ಣಿಸಿದನು. ಅಕ್ಕಿಯೂ ಉದ್ದೂ ಕೂಡಿದುದನ್ನು ಕಂಡು ನಮ್ಮ ಇಡ್ಲಿಯನ್ನು ಇಲ್ಲಿಗೆ ಎಳೆಯುವ ಆತುರವು ಬೇಡ. ಸುಮಾರು 1025ರ ಲೋಕೋಪಕಾರದಲ್ಲಿ ಚಾವುಂಡರಾಯನು ಹೇಳುವ ಇಡ್ಲಿಗೆ ಅಕ್ಕಿಯೇ ಇಲ್ಲ.

ಧರ್ಮಶಾಸ್ತ್ರಗಳ ಪರಿಭಾಷೆಯು ಈ ಪಕ್ಷಕ್ಕೆ ಅನುಕೂಲವಾಗಿದೆ. ಮನುವು ಗೌಡೀ, ಪೈಷ್ಟೀ, ಮಾಧ್ವೀ ಎಂದು ಸುರೆಯನ್ನು ಮೂರು ವಿಧವಾಗಿ ವಿಭಾಗಿಸುತ್ತಾನೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಸುರಾಶಬ್ದಕ್ಕೆ ಪೈಷ್ಟಿಯೇ ಮುಖ್ಯಾರ್ಥವೆಂದು ನಿರ್ಣಯಿಸಿದ್ದಾನೆ. ಪೈಷ್ಟಿಯೆಂದರೆ ಹಿಟ್ಟಿನದು, ಮೊಳಕೆಯ ಸೂಚನೆಯು ಆ ಹೆಸರಿನಲ್ಲಿಲ್ಲ. ಲೋಕಾಯತರ ಪ್ರಸಿದ್ಧ ದೃಷ್ಟಾಂತವೂ ಕಿಣ್ವದ್ದೇ : ಒಂದೊಂದರಲ್ಲಿಲ್ಲದ ಮದಶಕ್ತಿಯು ಕಿಣ್ವಾದಿಗಳ ಕೂಟದಲ್ಲಿ ಹುಟ್ಟುವಂತೆ ಚೈತನ್ಯವು ಭೂತಗಳ ಕೂಟದಲ್ಲಿ ಹುಟ್ಟುವುದೆಂದು ಅವರ ವಾದ. ಅವರನ್ನು ಖಂಡಿಸಿದ ಆಸ್ತಿಕರು ಸಹ ದೃಷ್ಟಾಂತವನ್ನು ಅಪರಿಚಿತವೆಂದು ತಳ್ಳಲಿಲ್ಲ. ಯಾತಕ್ಕೆಂದರೆ ಅದು ಮನೆಮನೆಯಲ್ಲಿ ಕಾಣತಕ್ಕ ವಿಷಯವಾಗಿದ್ದಿತು.

ಮನೆಮನೆಯ ಮಾತು ಉತ್ಪ್ರೇಕ್ಷೆಯಲ್ಲ. ಸುರೆಯ ತಯಾರಿಕೆಯನ್ನೂ ಮಾರಾಟವನ್ನೂ ಅಧ್ಯಕ್ಷನ ಕೈಗೆ ಒಪ್ಪಿಸಿದ ಕೌಟಲ್ಯನೇ ಕುಟುಂಬಿಗಳಿಗೆ ಒಂದು ಬಾಗಿಲನ್ನು ತೆರೆದಿಟ್ಟಿದ್ದಾನೆ. ಶುಭಕಾರ್ಯಗಳಲ್ಲಿ ಅವರು ಶ್ವೇತಸುರೆಯನ್ನು ಮಾಡಿಕೊಳ್ಳಬಹುದು. ಔಷಧಕ್ಕಾಗಿ ಅರಿಷ್ಟವನ್ನು ಮಾಡಬಹುದು. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಅನುಮತಿಯುಂಟು. ಶ್ವೇತಸುರೆಯ ಯೋಗವನ್ನು ಅವನು ಕೊಟ್ಟಿಲ್ಲ. ಪ್ರಸನ್ನೆಯೆಂಬ ಹೆಸರು ತಿಳಿಯಾದ ಸುರೆಯನ್ನು ಸೂಚಿಸುವುದಾದರೆ, ಶ್ವೇತೆಯು ಸೋಸದೆ ಬೆಳ್ಳಗೆ ಉಳಿದ ಅಕ್ಕಿಯ ಸುರೆಯಾಗಿರಬಹುದು. ಅಕ್ಕಿ, ಉದ್ದು, ನೀರು, ಕೆಲವು ಬೇರುಗಳು, ಒಂದು ಮಡಕೆ – ಗೃಹಸ್ಥನಿಗೆ ಇದಕ್ಕಿಂತ ಅಲ್ಪವ್ಯಯದ ಪಾನವು ದುರ್ಲಭ. ಯವವನ್ನು ನೆನೆಸಿ, ಮೊಳೆಸಿ, ಹದವರಿತು ಒಣಗಿಸುವ ಶ್ರಮವು ಉಳಿಯಿತು. ಸೀಸಕ್ಕೆ ಶಷ್ಪವನ್ನು ಕೊಳ್ಳುವುದೂ ತಪ್ಪಿತು.

ಅದೇ ಪ್ರಕರಣದಲ್ಲಿ ಸುರೆಯ ಮತ್ತು ಕಿಣ್ವದ ದ್ರವ್ಯಗಳನ್ನು ಆಯುವ ಕೆಲಸವನ್ನು ಹೆಂಗಸರಿಗೂ ಮಕ್ಕಳಿಗೂ ವಹಿಸಿದೆ. ಹಿಮಾಲಯದ ಮರ್ಚಾವನ್ನು ಮಾಡುವವರೂ ಹೆಚ್ಚಾಗಿ ಹೆಂಗಸರೇ. ಹೊಸ ಬಿಲ್ಲೆಯನ್ನು ತಟ್ಟಿದ ಮೇಲೆ ಹಳೆಯ ಬಿಲ್ಲೆಯ ಪುಡಿಯನ್ನು ಅದರ ಮೇಲೆ ಉದುರಿಸಿ, ಹುಲ್ಲು ಹೊದಿಸಿ ಬೆಚ್ಚಗಿಡುತ್ತಾರೆ.