ಬಂದವರನ್ನು ಬೀಳ್ಕೊಡುವ ಬಗೆ: ಅಹಮದಾಬಾದ್, ವಡೋದರಾ, ಸೂರತ್‌ಗಳ ಅತಿಥಿದೈವಗಳ ಕುರಿತು ಒಂದು ಟಿಪ್ಪಣಿ

ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಕಿನ್‌ಲಾಕ್ ಫೋರ್ಬ್ಸ್ 1848ರ ಡಿಸೆಂಬರಿನಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ವರ್ನಾಕ್ಯುಲರ್ ಸೊಸೈಟಿಯನ್ನು ಕಟ್ಟಿದ. ಮರುವರ್ಷವೇ ಆ ಸಂಸ್ಥೆಯ ಪ್ರಬಂಧ ಸ್ಪರ್ಧೆಯಲ್ಲಿ ಕವಿ ದಲಪತರಾಮ ಬಹುಮಾನ ಪಡೆದರು. ಪ್ರಬಂಧದ ಹೆಸರು ‘ಭೂತ ನಿಬಂಧ’. ಫೋರ್ಬ್ಸ್ ಅದನ್ನು ತಾನೇ ಇಂಗ್ಲಿಷಿಗೆ ತಂದ. ಗುಜರಾತಿನಲ್ಲಿ ಕಣ್ಣಿಗೆ ಕಾಣದ ಜೀವಗಳ ಬಗ್ಗೆ ಆಧುನಿಕ ಕಾಲದಲ್ಲಿ ಬಂದ ಮೊದಮೊದಲ ಬರಹಗಳಲ್ಲಿ ಇದೊಂದು. ಅದರ ಉದ್ದೇಶ ಜನರ ಮೂಢನಂಬಿಕೆಯನ್ನು ಕಳೆಯುವುದಾಗಿತ್ತು. ಹಾಗಾಗಿ ಅದರ ತುಂಬ ಮೈಮೇಲೆ ಬರುವ ಭೂತಗಳಿವೆ, ಅವನ್ನು ಬಿಡಿಸಲು ಬರುವ ಭೂವಾಗಳಿದ್ದಾರೆ. ಓಡಿಸುವುದರ ಕಥೆಯೇ ಅಲ್ಲಿ ದೊಡ್ಡದು.

ಸುಮಾರು ಎಂಬತ್ತು ವರ್ಷಗಳ ನಂತರ, 1920ರ ದಶಕದಲ್ಲಿ, ಝವೇರ್‌ಚಂದ್ ಮೇಘಾಣಿ ‘ಕಂಕಾವಟಿ’ ಎಂಬ ಸಂಗ್ರಹ ತಂದರು. ಅದರಲ್ಲಿರುವುದು ಹೆಂಗಸರ ಮತ್ತು ಹೆಣ್ಣುಮಕ್ಕಳ ವ್ರತಕಥೆಗಳು. ಇಲ್ಲಿ ಯಾರನ್ನೂ ಓಡಿಸುವುದಿಲ್ಲ. ಒಲೆ ಸಾರಿಸಿ, ನೀರು ತುಂಬಿಟ್ಟು, ಕುಂಕುಮವಿಟ್ಟು, ಕಾಣದವರಿಗಾಗಿ ಕಾಯುತ್ತಾರೆ. ಒಂದೇ ನಾಡಿನ ನಂಬಿಕೆಯನ್ನು ಗಂಡಸರ ಸಭೆಯ ಬಹುಮಾನಿತ ಪ್ರಬಂಧ ಒಂದು ಕಡೆಯಿಂದ ನೋಡಿತು, ಅಡುಗೆಮನೆಯ ಕಥೆ ಇನ್ನೊಂದು ಕಡೆಯಿಂದ ಕಾಪಾಡಿತು. ಈ ಟಿಪ್ಪಣಿ ಎರಡನೆಯದರ ಬೆನ್ನು ಹತ್ತಿದೆ. ಕಾಣದವರನ್ನು ಮನೆಗೆ ಬರಮಾಡಿಕೊಳ್ಳುವ ಆಚರಣೆಗಳನ್ನು ಮೂರು ನಗರಗಳಿಂದಲೂ ಅವುಗಳ ಸೀಮೆಯಿಂದಲೂ ಆರಿಸಿಕೊಂಡು, ಅವರು ಬಂದ ಮೇಲೆ ಏನಾಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಕೇಳಿದೆ.

ಕಾಣದವರೆಂದೊಡನೆ ನೆನಪಾಗುವ ರೆಕ್ಕೆ ಹೊತ್ತ ಪರಿ, ಅಂದರೆ ಕಿನ್ನರಿ, ಗುಜರಾತಿ ಮಕ್ಕಳ ಕಥೆಗಳಲ್ಲಿಯೂ ಪಾರ್ಸಿ ರಂಗಭೂಮಿಯ ‘ಇಂದರ್ ಸಭಾ’ದಂಥ ನಾಟಕಗಳಲ್ಲಿಯೂ ಧಾರಾಳವಾಗಿ ಇದ್ದಾಳೆ. ಆದರೆ ನಾನಿಲ್ಲಿ ಹೇಳುವ ಮನೆಗಳಲ್ಲಿ ಅವಳಿಗೆ ಎಡೆಯಿಲ್ಲ. ರಾತ್ರಿ ಮನೆಯೊಳಗೆ ಬರುವುದು, ಸಣ್ಣದೊಂದು ಉಪಚಾರ ಬಯಸುವುದು, ಮಾತು ತಪ್ಪಿದರೆ ಮುನಿಯುವುದು, ಇವೆಲ್ಲ ಇಲ್ಲಿ ಚಿಕ್ಕ ಪುಟ್ಟ ತಾಯಿದೈವಗಳಿಗೂ ಪೂರ್ವಿಕರ ಆತ್ಮಗಳಿಗೂ ಸೇರಿದ ಗುಣಗಳು.

ಶೀತಳಾ ಸಾತಮ್‌ನಿಂದಲೇ ತೊಡಗಬೇಕು. ಶ್ರಾವಣ ಬಹುಳ ಷಷ್ಠಿ ಗುಜರಾತಿಗಳಿಗೆ ರಾಂಧಣ ಛಠ್. ಮರುದಿನಕ್ಕೆ ಬೇಕಾದದ್ದನ್ನೆಲ್ಲ ಅಂದೇ ಬೇಯಿಸಿ, ಕರಿದು ಮುಗಿಸುತ್ತಾರೆ. ರಾತ್ರಿ ಒಲೆ ಆರಿಸಿ, ಬೂದಿ ಬಳಿದು, ಸಾರಿಸಿ, ಕುಂಕುಮ ಹಚ್ಚುತ್ತಾರೆ. ಎಲ್ಲರೂ ಮಲಗಿದ ಮೇಲೆ ಶೀತಳಾ ಮಾತೆ ಮನೆ ಮನೆಗೂ ಬಂದು ತಣ್ಣಗಿರುವ ಒಲೆಯಲ್ಲಿ ಹೊರಳಾಡಿ ಮೈಯುರಿ ಕಳೆದುಕೊಳ್ಳುತ್ತಾಳೆ ಎಂಬುದು ನಂಬಿಕೆ. ಸಪ್ತಮಿಯಂದು, ಅಂದರೆ ಸಾತಮ್ ದಿನ, ಒಲೆ ಹಚ್ಚುವಂತಿಲ್ಲ; ತಂಗಳೂಟ, ತಣ್ಣೀರಿನ ಸ್ನಾನ. ಅಹಮದಾಬಾದಿನ ಹಳೆಯ ಕೇರಿಗಳಾದ ಪೋಳ್‌ಗಳಲ್ಲೂ ಹೊಸ ಬಡಾವಣೆಯ ಫ್ಲ್ಯಾಟುಗಳಲ್ಲೂ ಈಗ ಆ ಗೌರವ ಗ್ಯಾಸ್ ಒಲೆಗೆ ಸಲ್ಲುತ್ತದೆ. ಉಕ್ಕಿನ ಬರ್ನರಿನ ಪಕ್ಕದಲ್ಲಿ ಕುಂಕುಮದ ಬೊಟ್ಟು ಬೀಳುತ್ತದೆ.

ಜೊತೆಗಿರುವ ಕಥೆ ಹೀಗೆ. ಕಿರಿಯ ಸೊಸೆ ದಣಿದು, ಒಲೆಯಲ್ಲಿ ಕೆಂಡ ಉಳಿದದ್ದನ್ನು ನೋಡದೆ, ಮಗುವಿನ ತೊಟ್ಟಿಲ ಬಳಿ ನಿದ್ದೆಹೋಗುತ್ತಾಳೆ. ಹೊರಳಲು ಬಂದ ಮಾತೆಯ ಮೈ ಸುಡುತ್ತದೆ. ಅವಳು ಶಪಿಸುತ್ತಾಳೆ, ಬೆಳಗಾಗುವಾಗ ಮಗು ಸುಟ್ಟು ಸತ್ತಿದೆ. ಕೂಸನ್ನು ಬುಟ್ಟಿಯಲ್ಲಿಟ್ಟುಕೊಂಡು ತಾಯಿ ಶೀತಳೆಯನ್ನು ಹುಡುಕುತ್ತ ಹೊರಡುತ್ತಾಳೆ. ದಾರಿಯಲ್ಲಿ ಯಾರೂ ನೀರು ಕುಡಿಯದ ಎರಡು ಕೆರೆಗಳು, ಕಾದಾಡುವ ಎರಡು ಹೋರಿಗಳು ತಮ್ಮ ಪಾಪದ ಕಾರಣ ಕೇಳಿಕೊಂಡು ಬಾ ಎನ್ನುತ್ತವೆ. ಕೊನೆಗೆ ಮರದಡಿ ತಲೆ ಕೆರೆದುಕೊಳ್ಳುತ್ತ ಕೂತ ಮುದುಕಿಯೊಬ್ಬಳು ಸಿಗುತ್ತಾಳೆ. ಸೊಸೆ ತನ್ನ ದುಃಖ ಬದಿಗಿಟ್ಟು ಅವಳ ತಲೆಯ ಹೇನು ತೆಗೆಯುತ್ತಾಳೆ. ಮುದುಕಿಯ ತಲೆ ತಂಪಾದಂತೆ ಕೂಸು ಅಳತೊಡಗುತ್ತದೆ. ಮರುವರ್ಷ ಹೊಟ್ಟೆಕಿಚ್ಚಿನ ಹಿರಿಯ ಓರಗಿತ್ತಿ ಬೇಕೆಂದೇ ಕೆಂಡ ಉಳಿಸುತ್ತಾಳೆ. ದಾರಿಯಲ್ಲಿ ಯಾರ ಮಾತಿಗೂ ಕಿವಿಗೊಡುವುದಿಲ್ಲ, ಮುದುಕಿಯ ತಲೆಯನ್ನೂ ಮುಟ್ಟುವುದಿಲ್ಲ. ಅವಳ ಮಗು ಬದುಕುವುದಿಲ್ಲ.

ಜಾನಪದ ಕಥೆಗಳ ಅಂತರರಾಷ್ಟ್ರೀಯ ಸೂಚಿಯಲ್ಲಿ 480 ಎಂಬ ಸಂಖ್ಯೆ ಪಡೆದಿರುವ, ಒಳ್ಳೆಯವಳು ಮತ್ತು ಕೆಟ್ಟವಳ ಕಥೆಗೆ ಇದು ಬಲು ಸಮೀಪದ್ದು. ಗ್ರಿಮ್ ಸಹೋದರರ ಸಂಗ್ರಹದ ಹೊಲ್ಲೆ ಅಜ್ಜಿಯ ಕಥೆ ಅದೇ ಕುಲದ್ದು. ಆದರೆ ಜರ್ಮನ್ ಕಥೆಯ ಹುಡುಗಿ ಬಾವಿಗೆ ಹಾರಿ ಅಜ್ಜಿಯ ಲೋಕಕ್ಕೆ ಹೋಗುತ್ತಾಳೆ. ಗುಜರಾತಿನ ಅಜ್ಜಿ ತಾನೇ ಮೊದಲು ಮನೆಗೆ ಬರುತ್ತಾಳೆ. ನನಗೆ ಈ ವ್ಯತ್ಯಾಸವೇ ಮುಖ್ಯ. ಕಥೆಯ ಎಲ್ಲ ಕಷ್ಟವೂ ಆತಿಥ್ಯ ಕೆಟ್ಟದ್ದರಿಂದ ಹುಟ್ಟಿದ್ದು, ಪರಿಹಾರವೂ ಇನ್ನೊಂದು ಆತಿಥ್ಯವೇ. ಶೀತಳೆ ಸಿಡುಬಿನ ತಾಯಿ; ಆ ಜ್ವರದಲ್ಲಿ ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಹಾಸಿ, ಮೊಸರನ್ನವಿಟ್ಟು ತಂಪು ಮಾಡಿ ಕಳಿಸುತ್ತಿದ್ದ ನಮ್ಮ ಹಳ್ಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ರೋಗ ಹೋಗಿ ಅರ್ಧ ಶತಮಾನವಾದರೂ ರಾಂಧಣ ಛಠ್‌ನ ರಾತ್ರಿ ಒಲೆ ತಣ್ಣಗಾಗುತ್ತದೆ. ಹಬ್ಬವನ್ನು ರೋಗಭಯದಿಂದ ಮಾತ್ರ ವಿವರಿಸುವ ವಾದ ಇಲ್ಲಿ ಸೋಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಶೀತಳೆ ಕರೆಯದೆಯೇ ಬರುವವಳು, ತಾನಾಗಿ ಹೋಗುವವಳು. ರಾಂದಲ್ ಹಾಗಲ್ಲ, ಕರೆದರೆ ಮಾತ್ರ ಬರುತ್ತಾಳೆ. ಮೂಲತಃ ಸೌರಾಷ್ಟ್ರದ ಕಡೆಯ ಈ ದೈವ ವಜ್ರದ ಕೆಲಸಕ್ಕೆ ಬಂದ ಕುಟುಂಬಗಳ ಜೊತೆ ಸೂರತ್ತಿನ ವರಾಛಾ ಸೀಮೆಗೂ ಬಂದಿದ್ದಾಳೆ. ಸೀಮಂತ, ಉಪನಯನ, ಮದುವೆಗಳ ಹೊತ್ತಿಗೆ ‘ರಾಂದಲ್‌ನ ಲೋಟಾ’ ಕರೆಯುತ್ತಾರೆ. ಮಣೆಯ ಮೇಲೆ ಲೋಟಾ, ಅದರ ಮೇಲೆ ತೆಂಗಿನಕಾಯಿ, ಕಾಯಿಗೆ ಕಣ್ಣು ಮೂಗು ಅಂಟಿಸಿ, ಸೀರೆ ಉಡಿಸಿ, ಒಡವೆ ತೊಡಿಸಿ, ಪಕ್ಕದಲ್ಲಿ ಆರದ ದೀಪ. ಮುತ್ತೈದೆಯರನ್ನೂ ಹುಡುಗಿಯರನ್ನೂ ಗೋಯಣಿಯರಾಗಿ ಕೂರಿಸಿ ಪಾಯಸ ಬಡಿಸುತ್ತಾರೆ. ರಾತ್ರಿ ಹೆಂಗಸರು ‘ಘೋಡೋ’ ಕುಣಿಯುತ್ತಾರೆ, ಕುದುರೆಯ ಹಾಗೆ ನೆಲ ತುಳಿದು ತುಳಿದು. ರಾಂದಲ್ ಸೂರ್ಯನ ಹೆಂಡತಿ. ಅವನ ಬಿಸಿ ತಾಳಲಾರದೆ ತನ್ನ ನೆರಳನ್ನು ಮನೆಯಲ್ಲಿಟ್ಟು, ಹೆಣ್ಣುಕುದುರೆಯಾಗಿ ಹೊರಟುಹೋದ ಪುರಾಣದ ಸಂಜ್ಞೆಯೇ ಇವಳು. ಗಂಡನ ಮನೆ ಬಿಟ್ಟುಹೋದವಳನ್ನು ಹೊಸ ಸೊಸೆ ಬರುವ, ಕೂಸು ಬರುವ ಮನೆಗೆ ಕರೆಸಿ ಉಪಚರಿಸುವುದರಲ್ಲಿ ಹೆಂಗಸರ ತಿಳಿವಳಿಕೆ ಎಷ್ಟಿದೆ ನೋಡಿ. ಮರುದಿನ ಅವಳನ್ನು ಮರ್ಯಾದೆಯಿಂದ ಕಳಿಸಿಕೊಡುತ್ತಾರೆ, ತಡೆಯುವುದಿಲ್ಲ. ಸ್ಕಾಟ್ಲೆಂಡಿನ ಮನೆಗಳಲ್ಲಿ ರಾತ್ರಿ ಕೆಲಸ ಮಾಡಿಕೊಟ್ಟು ಕೆನೆಹಾಲು ಕುಡಿಯುವ ಬ್ರೌನಿಗೆ ಬಟ್ಟೆ ಕೊಟ್ಟರೆ ಅದು ಮುನಿದು ಮನೆ ಬಿಡುತ್ತದಂತೆ. ರಾಂದಲ್‌ಗೆ ಬಟ್ಟೆಯೇ ಸ್ವಾಗತ.

ಒಲೆ, ಲೋಟಾಗಳಂತೆ ಮೊಳಕೆಗೂ ಇಂಥದೇ ಬೀಳ್ಕೊಡುಗೆಯಿದೆ. ಪೋಳ್ ಮನೆಗಳಲ್ಲಿ ತೋಟಕ್ಕೆ ಜಾಗವೆಲ್ಲಿ? ನಡುವೆ ಚೌಕ, ಚೌಕದ ಕೆಳಗೆ ಮಳೆನೀರಿನ ಟಾಂಕಾ, ಒಂದು ತುಳಸಿ. ಆಷಾಢದ ಗೌರಿವ್ರತದಲ್ಲಿ ಹುಡುಗಿಯರು ಪುಟ್ಟ ಬುಟ್ಟಿಯಲ್ಲಿ ಗೋಧಿಯ ಜವಾರಾ ಮೊಳೆಸಿ, ಐದು ದಿನ ಉಪ್ಪಿಲ್ಲದ ಊಟ ಮಾಡಿ, ಕೊನೆಯ ರಾತ್ರಿ ಜಾಗರಣೆ ಕೂತು, ಮೊಳಕೆಯನ್ನು ನೀರಿಗೆ ಬಿಡುತ್ತಾರೆ. ಉತ್ತರ ಕರ್ನಾಟಕದ ನವರಾತ್ರಿಯ ಘಟದಲ್ಲಿ ಬೆಳೆಯುವ ಸಸಿಗೂ ಇದಕ್ಕೂ ನಂಟಿದೆ. ಇಲ್ಲಿಯೂ ಬೆಳೆಸಿದ್ದನ್ನು ಇಟ್ಟುಕೊಳ್ಳುವುದಿಲ್ಲ.

ಸೂರತ್ತಿನ ಪಾರ್ಸಿ ಮನೆಗಳ ಮುಕ್ತಾದ್ ದಿನಗಳಲ್ಲಿ ಬರುವವರು ಫ್ರವಶಿಗಳು, ಅಗಲಿದವರ ಆತ್ಮಶಕ್ತಿಗಳು. ವರ್ಷಾಂತ್ಯದ ಹತ್ತು ರಾತ್ರಿ ಅವರು ಊರಿಗೆ ಇಳಿದು ಬಂದು, ನಮ್ಮನ್ನು ಯಾರು ನೆನೆಯುತ್ತಾರೆ, ಯಾರು ಸ್ವಾಗತಿಸುತ್ತಾರೆ ಎಂದು ಕೇಳುತ್ತಾರೆಂದು ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದ ಫರ್ವರ್ದಿನ್ ಯಷ್ಟ್ ಹೇಳುತ್ತದೆ. ಮನೆಗೆ ಸುಣ್ಣ ಬಳಿದು, ಒಂದು ಕೋಣೆ ಖಾಲಿ ಮಾಡಿ, ಒಬ್ಬೊಬ್ಬರ ಹೆಸರಿಗೂ ಒಂದೊಂದು ಲೋಹದ ಹೂದಾನಿ ಇಟ್ಟು, ದಿನವೂ ನೀರು ಬದಲಿಸಿ ಹೂವಿಡುತ್ತಾರೆ. ಈಗ ಬಹುಪಾಲು ಈ ಹೂದಾನಿಗಳು ಅಗ್ನಿಮಂದಿರದ, ಅಂದರೆ ಅಗಿಯಾರಿಯ, ಮೇಜುಗಳಿಗೆ ಹೋಗಿವೆ. ಅವಧಿ ಮುಗಿದೊಡನೆ ಆತ್ಮಗಳನ್ನು ಪ್ರಾರ್ಥನೆಯೊಂದಿಗೆ ಬೀಳ್ಕೊಡಲಾಗುತ್ತದೆ.

ಸೂರತ್ತಿನ ವಿಶೇಷವೊಂದನ್ನು ಇಲ್ಲಿ ಬಿಡುವಂತಿಲ್ಲ. ಇರಾನಿನ ಕೆರ್ಮಾನ್‌ನಿಂದ ಸೂರತ್ತಿಗೆ ಬಂದ ಪುರೋಹಿತರೊಬ್ಬರು 1720ರ ದಶಕದಲ್ಲಿ, ಭಾರತದ ಪಾರ್ಸಿಗಳ ಪಂಚಾಂಗ ಇರಾನಿನದಕ್ಕಿಂತ ಒಂದು ತಿಂಗಳು ಹಿಂದಿರುವುದನ್ನು ಎತ್ತಿ ತೋರಿಸಿದರು. 1745ರಲ್ಲಿ ಸೂರತ್ತಿನ ಒಂದು ಗುಂಪು ಇರಾನಿನ ಲೆಕ್ಕ ಒಪ್ಪಿ ಕದ್ಮಿ ಎನಿಸಿಕೊಂಡಿತು. ಉಳಿದವರು ಶಹನ್‌ಶಾಹಿಗಳಾದರು. ಜಗಳ ಜೋರಾಗಿಯೇ ನಡೆಯಿತು. ಇತಿಹಾಸಕಾರರು ಇದನ್ನು ಪಂಚಾಂಗದ, ಪೌರೋಹಿತ್ಯದ ಅಧಿಕಾರದ ಜಗಳವೆಂದು ಬರೆಯುತ್ತಾರೆ. ಅದು ನಿಜ. ಆದರೆ ಮನೆಯೊಳಗಿನಿಂದ ನೋಡಿದರೆ ಪ್ರಶ್ನೆ ಬೇರೆ: ತೀರಿಕೊಂಡ ಅಪ್ಪ ಅಮ್ಮ ಯಾವ ರಾತ್ರಿ ಬಾಗಿಲಿಗೆ ಬರುತ್ತಾರೆ? ಒಂದೇ ಬೀದಿಯಲ್ಲಿ ಕದ್ಮಿ ಮನೆಯವರು ತಮ್ಮ ಹಿರಿಯರನ್ನು ಬೀಳ್ಕೊಟ್ಟ ಎಷ್ಟೋ ದಿನಗಳ ಮೇಲೆ ಶಹನ್‌ಶಾಹಿ ನೆರೆಯವರು ಹೂದಾನಿ ತೊಳೆಯಲು ತೊಡಗುತ್ತಾರೆ. ತಪ್ಪು ತಿಂಗಳಲ್ಲಿ ಕಾದು ಕೂತರೆ ಅವರು ಬಂದು, ಮುಚ್ಚಿದ ಬಾಗಿಲು ನೋಡಿ ಹೋಗಿಬಿಟ್ಟಿರುತ್ತಾರೆ. ಆ ಆತಂಕವನ್ನು ಲೆಕ್ಕಕ್ಕೆ ಹಿಡಿಯದೆ ಆ ಜಗಳದ ಕಾವು ಅರ್ಥವಾಗುವುದಿಲ್ಲ.

ವಡೋದರಾದ ಪೂರ್ವಕ್ಕೆ, 2013ರವರೆಗೆ ಅದೇ ಜಿಲ್ಲೆಗೆ ಸೇರಿದ್ದ ಛೋಟಾ ಉದೇಪುರದಲ್ಲಿ, ರಾಠವಾ ಆದಿವಾಸಿಗಳ ಮನೆಗೆ ಬರುವ ದೈವ ಪಿಠೋರೊ ಗೋಡೆಯ ಮೇಲೆ ನೆಲೆಸುತ್ತಾನೆ. ಕಾಯಿಲೆ ಕಷ್ಟಗಳಲ್ಲಿ ಹರಕೆ ಹೊತ್ತವರು ಪಡಸಾಲೆಯ ಒಳಗೋಡೆಗೆ ಸೆಗಣಿ, ಬಿಳಿಮಣ್ಣು ಬಳಿಸುತ್ತಾರೆ; ಆ ಕೆಲಸ ಮದುವೆಯಾಗದ ಹುಡುಗಿಯರದು. ಹಾಲು, ಮಹುವಾ ಮದ್ಯದಲ್ಲಿ ಕಲಸಿದ ಬಣ್ಣದಿಂದ ಚಿತ್ರಕಾರ ಲಖಾರಾ ಕುದುರೆಗಳನ್ನು ಬರೆಯುತ್ತಾನೆ. ಪೂಜಾರಿ ಬಡವೊ ಮೈದುಂಬಿ ಒಂದೊಂದು ಚಿತ್ರವನ್ನೂ ಗುರುತಿಸಿ, ಬಿಟ್ಟುಹೋದದ್ದನ್ನು ತೋರಿಸುತ್ತಾನೆ. ತಿದ್ದಿದ ಮೇಲೆಯೇ ಪೂಜೆ ಸಲ್ಲುತ್ತದೆ. ಜ್ಯೋತೀಂದ್ರ ಜೈನ್ 1984ರ ಪುಸ್ತಕದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಆಮೇಲೆ ಧಾರವಾಡಕ್ಕೆ ಬಂದು ನೆಲೆಸಿದ ಗಣೇಶ ದೇವಿ ಅವರು ತೇಜಗಢದಲ್ಲಿ ಕಟ್ಟಿದ ಆದಿವಾಸಿ ಅಕಾಡೆಮಿ ಇದೇ ಸೀಮೆಯಲ್ಲಿದೆ. ನನ್ನ ಪ್ರಶ್ನೆಗೆ ಪಿಠೋರೊ ಒಡ್ಡುವ ಪ್ರತಿವಾದ ಗಟ್ಟಿಯಾದದ್ದು. ಇವನು ಬೀಳ್ಕೊಡುಗೆಯಿಲ್ಲದ ಅತಿಥಿ, ಮನೆಯವರ ಜೊತೆಯಲ್ಲೇ ಇರುವವನು. ಆದರೂ ಅವನಿಗೆ ಮೀಸಲಾದದ್ದು ಒಂದು ಗೋಡೆ. ಮನೆಯ ಬಾಳು ಆ ಗೋಡೆಯ ಮುಂದೆ ಎಂದಿನಂತೆ ಸಾಗುತ್ತದೆ.

ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಅಹಮದಾಬಾದಿನ ಪ್ರಸಿದ್ಧ ದಂತಕಥೆ ಬೇರೆಯಾಗಿ ಕಾಣುತ್ತದೆ. ಒಂದು ರಾತ್ರಿ ಲಕ್ಷ್ಮಿ ನಗರ ಬಿಟ್ಟು ಹೊರಡಲು ಭದ್ರಾ ಕೋಟೆಯ ಬಾಗಿಲಿಗೆ ಬಂದಳು. ಕಾವಲಿಗಿದ್ದ ಖ್ವಾಜಾ ಸಿದ್ದೀಕ್ ಕೊತ್ವಾಲ್ ಅವಳ ಗುರುತು ಹಿಡಿದು, ಸುಲ್ತಾನ ಅಹಮದ್ ಶಾನ ಅಪ್ಪಣೆ ತರುವವರೆಗೆ ಇಲ್ಲೇ ಇರಬೇಕೆಂದು ಮಾತು ತೆಗೆದುಕೊಂಡ. ಹೋದವನು ತನ್ನ ತಲೆ ತಾನೇ ಕಡಿದುಕೊಂಡ. ಅವನು ಮರಳಲಿಲ್ಲ, ಅವಳು ಹೋಗಲಿಲ್ಲ. ಭದ್ರಾದ ಬಳಿ ಅವನ ಗೋರಿಯಿದೆ. ಕೋಟೆಯ ಎದುರಿನ ಹೆಬ್ಬಾಗಿಲಾದ ತೀನ್ ದರ್ವಾಜಾದ ಗೂಡೊಂದರಲ್ಲಿ ಲಕ್ಷ್ಮಿಗಾಗಿ ದೀಪ ಉರಿಯುತ್ತದೆ. ಅದನ್ನು ತಲೆಮಾರುಗಳಿಂದ ನೋಡಿಕೊಳ್ಳುತ್ತಿರುವುದು ಒಂದು ಮುಸ್ಲಿಂ ಕುಟುಂಬ.

ಕನ್ನಡಿಗರಿಗೆ ಇದು ಹೊಸದಲ್ಲ. ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಅಯ್ಯನಕೆರೆಯ ಐತಿಹ್ಯವೂ ಇದೇ. ಕೆರೆ ಒಡೆದು ಹೊರಡಲಿದ್ದ ಜಲದೇವತೆ ನೀರಗಂಟಿಗೆ ಕಾಣಿಸಿಕೊಂಡಳು. ದೊರೆಗೆ ತಿಳಿಸಿ ಬರುವವರೆಗೆ ತಡೆಯಬೇಕೆಂದು ಅವನು ಬೇಡಿಕೊಂಡ. ಅವನು ಎಂದೂ ಮರಳದಂತೆ ದೊರೆ ಅವನನ್ನು ಕೊಲ್ಲಿಸಿದ. ಕೆರೆ ಉಳಿಯಿತು. ಕಥನಗೀತೆ ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲಿ ಕೊಟ್ಟದ್ದು ನೀರು ಬರಲೆಂದು; ನೀರಗಂಟಿಯನ್ನು ಕೊಟ್ಟದ್ದು ನೀರು ಹೋಗದಿರಲೆಂದು. ಎರಡು ಊರುಗಳ ನಡುವೆ ಕಥೆ ನಡೆದು ಹೋಯಿತೇ, ಎರಡೂ ಕಡೆ ತಾನಾಗಿ ಹುಟ್ಟಿತೇ ಎಂಬ ಚರ್ಚೆಗಿಂತ ಅವುಗಳ ಒಳಗಿನ ಸಮಾನ ತರ್ಕ ನನಗೆ ದೊಡ್ಡದು. ದೈವ ಮಾತಿಗೆ ಕಟ್ಟುಬೀಳುತ್ತದೆ. ಮನುಷ್ಯರು ಆ ಪ್ರಾಮಾಣಿಕತೆಯನ್ನೇ ಬಳಸಿಕೊಂಡು ಅದನ್ನು ಹಿಡಿದಿಡುತ್ತಾರೆ. ಅಯ್ಯನಕೆರೆಯಲ್ಲಿ ದೊರೆ ಕೊಂದ, ಅಹಮದಾಬಾದಿನಲ್ಲಿ ಕಾವಲುಗಾರ ತಾನೇ ಜೀವ ಕೊಟ್ಟ. ಎರಡರಲ್ಲೂ ಬೆಲೆ ತೆತ್ತದ್ದು ಬಾಗಿಲು ಕಾಯುವವನು.

ಒಲೆ, ಲೋಟಾ, ಜವಾರಾ, ಹೂದಾನಿಗಳ ಆಚರಣೆಯಲ್ಲಿ ಯಾರ ತಲೆಯೂ ಉರುಳುವುದಿಲ್ಲ. ಅಲ್ಲಿ ಹೋಗುವುದು ಬರುವುದರ ಭಾಗವೇ ಆಗಿದೆ. ಮುಂದೆ ಮತ್ತೆ ಬರುತ್ತಾರೆ ಎಂಬ ನೆಚ್ಚಿಗೆ ಇರುವಲ್ಲಿ ತಡೆಯುವ ಅಗತ್ಯ ಬೀಳುವುದಿಲ್ಲ. ಸಂಪತ್ತನ್ನು ಒಂದೇ ಕಡೆ ಶಾಶ್ವತವಾಗಿ ಇರಿಸಿಕೊಳ್ಳಬೇಕೆಂದು ಕೋಟೆ, ಅರಮನೆ, ಏರಿ ಬಯಸಿದಾಗ ಮಾತ್ರ ಬಲಿ ಕಾಣಿಸಿಕೊಳ್ಳುತ್ತದೆ. ಅದೇ ತೀನ್ ದರ್ವಾಜಾದ ಮೇಲೆ 1812ರಲ್ಲಿ ಮರಾಠಾ ಸುಬೇದಾರ ಚಿಮಣಾಜಿ ರಘುನಾಥ ಕೆತ್ತಿಸಿದ ಶಾಸನವೊಂದಿದೆ. ತಂದೆಯ ಆಸ್ತಿಯಲ್ಲಿ ಮಗಳಿಗೆ ಸಲ್ಲಬೇಕಾದ ಪಾಲು ಅಡ್ಡಿಯಿಲ್ಲದೆ ಸಲ್ಲಬೇಕು ಎಂಬುದು ಅದರ ಆಜ್ಞೆ. ತಪ್ಪಿದವನು ಹಿಂದೂವಾದರೆ ಮಹಾದೇವನಿಗೆ, ಮುಸಲ್ಮಾನನಾದರೆ ಅಲ್ಲಾಹನಿಗೆ ಉತ್ತರ ಕೊಡಬೇಕು. ಒಂದೇ ಬಾಗಿಲಲ್ಲಿ ಹೋಗಗೊಡದ ಲಕ್ಷ್ಮಿಯ ದೀಪವೂ ಹೋಗುವ ಮಗಳ ಹಕ್ಕಿನ ಕಲ್ಲೂ ಇವೆ. ದಂತಕಥೆಯನ್ನು ಬರೆಯುವವರು ಶಾಸನವನ್ನು ಬಿಡುತ್ತಾರೆ, ಶಾಸನದ ಬಗ್ಗೆ ಬರೆಯುವವರು ದೀಪವನ್ನು ಕಾಣುವುದಿಲ್ಲ. ಇವೆರಡನ್ನೂ ಒಟ್ಟಿಗೆ ಓದಬೇಕು.

ಕ್ಷೇತ್ರಕಾರ್ಯಕ್ಕೆ ಹೊರಡುವವರಿಗೆ ಒಂದು ಬಿನ್ನಹವಿದೆ. ರಾಂದಲ್‌ನ ಅಲಂಕಾರ, ಘೋಡೋ ಕುಣಿತ ಚಿತ್ರೀಕರಣಕ್ಕೆ ಚೆನ್ನಾಗಿ ಒದಗುತ್ತವೆ, ಹಾಗಾಗಿ ಅವು ದಾಖಲಾಗುತ್ತವೆ. ಮರುದಿನ ಬೆಳಿಗ್ಗೆ ಸೀರೆ ಬಿಚ್ಚಿ, ಕಾಯಿ ಇಳಿಸಿ, ಲೋಟಾದ ನೀರು ಎಲ್ಲಿಗೆ ಚೆಲ್ಲುತ್ತಾರೆ, ಯಾರು ಚೆಲ್ಲುತ್ತಾರೆ, ಆಗ ಏನು ಹೇಳುತ್ತಾರೆ ಎಂಬುದನ್ನೂ ಅಷ್ಟೇ ಜತನದಿಂದ ಬರೆದುಕೊಳ್ಳಬೇಕು. ಮುಕ್ತಾದ್‌ನ ಕೊನೆಯ ಹೊತ್ತು, ಜವಾರಾ ನೀರಿಗೆ ಬಿಡುವ ಗಳಿಗೆ, ಸಾತಮ್‌ನ ಮರುದಿನ ಮೊದಲ ಸಲ ಒಲೆ ಹಚ್ಚುವ ಕೈ, ಇವೂ ಆ ಪಟ್ಟಿಗೆ ಸೇರಬೇಕು.