ಮ್ಯೂ, ಎನ್ ಮತ್ತು ಹಿಂದಿನ ಟೈರು

ಪಿಯುಸಿಯ ಭೌತಶಾಸ್ತ್ರ ನೆನಪಿದೆಯಾ? ಘರ್ಷಣೆಯ ಬಲ ಅಂದ್ರೆ ಮ್ಯೂ ಗುಣಿಸು ಎನ್. ತಾಗುವ ಜಾಗ ಎಷ್ಟು ಅಗಲ ಅನ್ನೋದಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇ. ಹಾಗಿದ್ರೆ ರೇಸ್ ಕಾರಿನ ಹಿಂದಿನ ಟೈರು ಯಾಕೆ ಅಷ್ಟು ದಪ್ಪ? ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದರೂ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಉತ್ತರ ಸಿಕ್ಕಿದ್ದು ಅಮೆರಿಕದ ಹಾಟ್ ರಾಡ್ ಚರಿತ್ರೆ ಓದುವಾಗ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ಕಾರುಗಳನ್ನು ಬಿಚ್ಚಿ, ಬೇಡದ ತಗಡೆಲ್ಲ ಕಿತ್ತೆಸೆದು, ಎಂಜಿನ್ನಿಗೆ ಶಕ್ತಿ ತುಂಬಿ ಓಡಿಸುತ್ತಿದ್ದರು. 1950ರಲ್ಲಿ ಸಾಂಟಾ ಅನಾದ ವಿಮಾನ ನಿಲ್ದಾಣದಲ್ಲಿ ಡ್ರ್ಯಾಗ್ ರೇಸ್ ಶುರುವಾಯ್ತು. 1951ರಲ್ಲಿ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿದರು. ಆಟ ಸರಳ: ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದ್ರೆ 402 ಮೀಟರ್, ಯಾರು ಮೊದಲು ಮುಟ್ಟುತ್ತಾರೆ?

ಶಕ್ತಿಯೇನೋ ಬಂತು. ಆದರೆ ಕಾಲಿಟ್ಟ ಕೂಡಲೇ ಚಕ್ರ ಗಿರಗಿರ ತಿರುಗುತ್ತಿತ್ತು, ಕಾರು ಮಾತ್ರ ಹೋಗುತ್ತಿರಲಿಲ್ಲ! ಕಾರು ಮುಂದಕ್ಕೆ ನುಗ್ಗುವಾಗ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುತ್ತೆ, ಹಾಗಾಗಿ ಎಲ್ಲ ಲೆಕ್ಕಾಚಾರವೂ ಹಿಂದಿನ ಎರಡು ಟೈರುಗಳ ಮೇಲೆ.

ಈಗ ಒಂದು ಸಣ್ಣ ಲೆಕ್ಕ. ಮ್ಯೂ ಹೆಚ್ಚೆಂದರೆ 1 ಅಂದುಕೊಳ್ಳಿ. ಇಡೀ ಭಾರ ಹಿಂದಿನ ಚಕ್ರಗಳ ಮೇಲೇ ಬಿದ್ದರೂ ವೇಗೋತ್ಕರ್ಷ 9.8 ದಾಟಬಾರದು. 402 ಮೀಟರಿಗೆ ಕನಿಷ್ಠ 9.06 ಸೆಕೆಂಡ್ ಬೇಕು, ಕೊನೆಯ ವೇಗ ಗಂಟೆಗೆ 199 ಮೈಲಿ. ಎಂಜಿನ್ ಎಷ್ಟೇ ದೊಡ್ಡದಿರಲಿ, ಇದು ಗೋಡೆ.

1964ರ ಆಗಸ್ಟ್‌ನಲ್ಲಿ ನ್ಯೂಜೆರ್ಸಿಯಲ್ಲಿ ಡಾನ್ ಗಾರ್ಲಿಟ್ಸ್ 7.78 ಸೆಕೆಂಡಿನಲ್ಲಿ ಓಡಿಸಿ 201 ಮೈಲಿ ವೇಗ ಮುಟ್ಟಿದ. ಅಂದ್ರೆ ಮ್ಯೂ ಹೆಚ್ಚುಕಮ್ಮಿ 1.35! ಗೋಡೆ ಎಲ್ಲಿ ಹೋಯ್ತು?

ಗೋಡೆ ಒಡೆದದ್ದು ಬರೀ ಎಂಜಿನ್ ಅಲ್ಲ ಸ್ವಾಮಿ, ರಬ್ಬರು. ಮೊದಮೊದಲು ಹುಡುಗರು ಹಳೇ ಟೈರಿಗೆ ನುಣುಪಾದ ರೀಟ್ರೆಡ್ ಹಾಕಿಸಿಕೊಳ್ಳುತ್ತಿದ್ದರು. ಗೀರುಗಳಿಲ್ಲದಿದ್ದರೆ ಅಷ್ಟೂ ರಬ್ಬರು ನೆಲಕ್ಕೆ ತಾಗುತ್ತದಲ್ಲ. ಆಮೇಲೆ 1950ರ ದಶಕದಲ್ಲಿ ಮಾಸಚೂಸೆಟ್ಸ್‌ನ ಎಂ ಅಂಡ್ ಎಚ್ ಕಂಪನಿಯ ಮಾರ್ವಿನ್ ರಿಫ್ಚಿನ್ ಡ್ರ್ಯಾಗ್ ರೇಸಿಗೆಂದೇ ಮೆತ್ತನೆ ರಬ್ಬರಿನ ಸ್ಲಿಕ್ ಟೈರು ಮಾಡಿದ. ಮೆತ್ತನೆ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತೆ, ಜೊತೆಗೆ ಅಂಟಿಕೊಳ್ಳುತ್ತೆ. ಚದರ ಇಂಚಿನ ಮೇಲೆ ಒತ್ತಡ ಕಮ್ಮಿಯಾದಷ್ಟೂ ರಬ್ಬರಿನ ಮ್ಯೂ ಜಾಸ್ತಿ. ಅಂದ್ರೆ ಜಾಗದ ವಿಸ್ತಾರಕ್ಕೆ ಬೆಲೆ ಇದೆ! ಮೇಷ್ಟ್ರ ಸೂತ್ರ ಮರದ ದಿಮ್ಮಿಗೆ ಸರಿ, ರಬ್ಬರಿಗೆ ಪೂರ್ತಿ ಸರಿಯಲ್ಲ :)

1960ರ ದಶಕದಲ್ಲಿ ಇನ್ನೊಂದು ಹೆಜ್ಜೆ. ಟೈರಿನ ಪಕ್ಕದ ಗೋಡೆಯನ್ನೇ ತೆಳುವಾಗಿಸಿ ಗಾಳಿ ತೀರಾ ಕಮ್ಮಿ ತುಂಬಿದರು. ಹೊರಡುವಾಗ ಟೈರು ಬಟ್ಟೆಯಂತೆ ಮಡಿಕೆ ಬಿದ್ದು ನೆಲಕ್ಕೆ ಹರಡಿಕೊಳ್ಳುತ್ತೆ. ವೇಗ ಏರಿದಂತೆ ಉಬ್ಬಿ ಎತ್ತರವಾಗುತ್ತೆ, ತಾನೇ ಗೇರು ಬದಲಿಸಿದ ಹಾಗೆ.

ರಸ್ತೆಯ ಸ್ಪೋರ್ಟ್ಸ್ ಕಾರುಗಳಿಗೂ ಈ ಯೋಚನೆ ಬಂತು. 1973ರ ಮಾದರಿಯ ಪೋರ್ಷೆ ಕರೇರಾ ಆರ್‌ಎಸ್ 2.7 ಕಾರಿಗೆ ಮುಂದೆ 185, ಹಿಂದೆ 215 ಮಿ.ಮೀ. ಅಗಲದ ಟೈರು. ಎಂಜಿನ್ ಹಿಂದೆ ಇರುವ 210 ಅಶ್ವಶಕ್ತಿಯ ಕಾರದು, ತಿರುವಿನಲ್ಲಿ ಬಾಲ ಜಾರಬಾರದಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ನನ್ನ ಸಹೋದ್ಯೋಗಿಯೊಬ್ಬ ಹಿಂದಿನ ಚಕ್ರ ತಿರುಗಿಸುವ ಹಳೇ ಸ್ಪೋರ್ಟ್ಸ್ ಕಾರಿಗೆ ಶಕ್ತಿ ಹೆಚ್ಚಿಸಿಕೊಂಡಿದ್ದಾನೆ. ಹಿಂದಕ್ಕೆ ಹೆಚ್ಚುಕಮ್ಮಿ ಗೀರೇ ಇಲ್ಲದ ಅಗಲ ಟೈರು ಹಾಕಿಸ್ತೀನಿ ಅಂತಾನೆ. ಊರಿಗೆ ಹೋಗೋದು ಶಿರಾಡಿ ಘಾಟಿಯಲ್ಲಿ, ಅದೂ ಮಳೆಗಾಲದಲ್ಲಿ! ಸ್ಲಿಕ್ ಟೈರಿನ ಚರಿತ್ರೆ ಪೂರ್ತಿ ಒಣ ನೆಲದ ಚರಿತ್ರೆ. ಗೀರು ಇರೋದೇ ನೀರನ್ನು ಆಚೆ ತಳ್ಳೋದಕ್ಕೆ; ಅದಿಲ್ಲದಿದ್ದರೆ ಟೈರು ನೀರಿನ ಮೇಲೆ ತೇಲುತ್ತೆ, ಆಗ ಮ್ಯೂ ಲೆಕ್ಕಕ್ಕೇ ಇಲ್ಲ. ಅಗಲ ಹೆಚ್ಚಿದಷ್ಟೂ ತೇಲೋದು ಇನ್ನೂ ಬೇಗ. ಗಾಳಿ ಇಳಿಸಿ ಓಡಿಸೋದು 402 ಮೀಟರಿಗೆ ಸರಿ, 300 ಕಿಲೋಮೀಟರಿಗೆ ಟೈರು ಕಾದು ಸಿಡಿಯಬಹುದು.

ಅವನಿಗೆ ನಾನು ಹೇಳಿದ್ದು ಇಷ್ಟೇ: ರಿಮ್ಮಿಗೆ ಒಪ್ಪುವ ಅಳತೆ, ಒಳ್ಳೆ ರಬ್ಬರು, ಆಳವಾದ ಗೀರು, ಹಿಂದಿನ ಎರಡೂ ಟೈರು ಒಂದೇ ಜೋಡಿ. ಇನ್ನೂ ಒಪ್ಪಿಲ್ಲ. ಮಳೆ ಶುರುವಾಗೋದಕ್ಕೆ ಮುಂಚೆ ಒಪ್ಪಿಸಬೇಕು. ನಿಮ್ಮಲ್ಲಿ ಯಾರಾದರೂ ಘಾಟಿಯಲ್ಲಿ ಇಂಥ ಕಾರು ಓಡಿಸಿದವರಿದ್ದರೆ ಎರಡು ಸಾಲು ಬರೀರಿ, ಅವನಿಗೇ ತೋರಿಸ್ತೀನಿ.